ಡೋಣಿ ಆಚೆ ಉಳಿದ ಅರಿವೆಗಳು

ಆಗ ನನಗೆ ಮೂವತ್ತೊಂದು. ಈಗ ಎಂಬತ್ತು ದಾಟಿದ್ದೇನೆ, ಅಂದರೆ ಐವತ್ತು ವರ್ಷದ ಹಿಂದಿನ ಮಾತು. ಇಸವಿ ಕೇಳಿದರೆ ಹೇಳಲು ಬಾರದು. ದೊಡ್ಡ ಬರ ಹೋಗಿ ಎರಡು ಮೂರು ಮಳೆಗಾಲ ಕಳೆದಿದ್ದವು. ಬರದಲ್ಲಿ ಮುಗಿಲು ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡವರೇ ಆ ವರ್ಷ ಉತ್ತರಿ ಮಳೆಗೆ ಸಾಕಪ್ಪ ನಿಲ್ಲು ಅಂದರು. ಅದು ನಿಲ್ಲಲಿಲ್ಲ.

ನಾನು ತಾಳಿಕೋಟೆಯ ಬಸ್ ನಿಲ್ದಾಣದ ಹಿಂದೆ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಗಂಡ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ನನ್ನ ಓದು ಎರಡನೇ ಇಯತ್ತೆ. ಬಸ್ಸಿನ ಹಣೆಯ ಮೇಲಿನ ಊರಿನ ಹೆಸರನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತಿತ್ತು. ಆದರೆ ಡ್ರೈವರನ ಮುಖ ನೋಡಿದರೆ ಸಾಕು, ಇದು ಸಿಂದಗಿಯದು, ಇದು ಇಂಡಿಯದು ಅಂತ ಗೊತ್ತಾಗುತ್ತಿತ್ತು. ಎಲ್ಲರೂ ನನ್ನ ರೊಟ್ಟಿ ತಿಂದವರೇ.

ತಂಗಿಯನ್ನು ಡೋಣಿ ಹೊಳೆಯ ಆಚೆಯ ಒಂದು ಸಣ್ಣ ಊರಿಗೆ ಕೊಟ್ಟಿದ್ದೆವು. ಒಂದು ಕಡೆ ಡೋಣಿ, ಇನ್ನೊಂದು ಕಡೆ ಹಳ್ಳ, ನಡುವೆ ಊರು. ಬೇಸಿಗೆಯಲ್ಲಿ ಡೋಣಿ ದಾಟುವಾಗ ಹಿಮ್ಮಡಿ ತೋಯುವುದಿಲ್ಲ. ಆ ನೀರು ಸವಳು, ದನವೂ ಮೂತಿ ತಿರುಗಿಸುತ್ತದೆ. ಅಂಥ ಹೊಳೆ ಆ ವರ್ಷ ಹಳ್ಳದ ಜೊತೆ ಕೂಡಿಕೊಂಡು ಊರನ್ನು ನಡುಗಡ್ಡೆ ಮಾಡಿತು. ನೀರು ಊರೊಳಗೆ ಹೊಕ್ಕು ಹೊರಬಂತು. ಜನ ಎತ್ತರಕ್ಕೆ ಏರಿ ಜೀವ ಉಳಿಸಿಕೊಂಡಿದ್ದರು. ಉಳಿದ ಜೀವಕ್ಕೆ ಏನು ಹಾಕುವುದು ಅನ್ನುವುದೇ ಆಮೇಲಿನ ಪ್ರಶ್ನೆ.

ಯಾಕೆಂದರೆ ನೀರು ಹಗೇವಿಗೆ ಇಳಿದಿತ್ತು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ವರ್ಷದ ಕಾಳೆಲ್ಲ ಅದರಲ್ಲೇ. ನೀರು ಹೊಕ್ಕ ಹಗೇವಿನ ಬಾಯಿ ತೆರೆದರೆ ಸಾರಾಯಿ ಅಂಗಡಿಯ ವಾಸನೆ ಹೊಡೆಯುತ್ತದೆ, ಒಳಗಿನ ಕಾಳನ್ನು ದನಕ್ಕೂ ಹಾಕುವಂತಿಲ್ಲ. ಸಗಣಿ ಕುಳ್ಳಿನ ಬಣವೆಗಳು ಕರಗಿ ಹರಿದುಹೋಗಿದ್ದವು. ಒಲೆಗಳು ಕೆಸರಿನ ಗುಡ್ಡೆಯಾಗಿದ್ದವು. ಇನ್ನು ಡೋಣಿ ದಂಡೆಯ ಎರೆ ಭೂಮಿ ಎಂಥದೆಂದರೆ, ನೀರು ಇಳಿದ ಮೇಲೂ ಎಷ್ಟೋ ದಿನ ಅದರಲ್ಲಿ ಬಂಡಿ ಹೋಗುವುದಿಲ್ಲ. ಎತ್ತು ಹೊಟ್ಟೆಯವರೆಗೆ ಹುಗಿದು ನಿಲ್ಲುತ್ತದೆ.

ಈ ಸುದ್ದಿ ತಂದವನು ಅಂಬಿಗ ಕಾಕಾ. ನಮ್ಮ ಡೋಣಿಗೆ ಅಂಬಿಗರಿಲ್ಲ, ಬೇಕೂ ಆಗಿರಲಿಲ್ಲ. ಅಡತಿ ಅಂಗಡಿಯ ಸಾಹುಕಾರರು ಕೃಷ್ಣೆಯ ದಂಡೆಯಿಂದ ಹರಗೋಲನ್ನೂ ಅವನನ್ನೂ ಒಂದೇ ಲಾರಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಅವನು ಆಚೆ ದಂಡೆ ನೋಡಿ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ನಾನು ತಂಗಿಯ ಸುದ್ದಿ ಕೇಳಲು ಹೋಗಿದ್ದೆ. ಸಾಹುಕಾರರು ಆಗಲೇ ಜೋಳದ ಚೀಲ ಹೊರಗೆ ಹಾಕಿಸಿದ್ದರು.

"ಚೀಲ ಬ್ಯಾಡ್ರಿ ಸಾಹುಕಾರ್ರ," ಅಂದ ಕಾಕಾ. "ಬೀಸೂ ಕಲ್ಲು ಕೆಸರಾಗ ಹುಗದಾವ. ಒಲಿ ಇಲ್ಲ, ಉರಿ ಇಲ್ಲ. ಜ್ವಾಳ ಕೊಟ್ರ ಕೋಳಿ ಹಂಗ ಕುಕ್ಕಬೇಕು ಅವ್ರು."

"ಮತ್ತೇನ ಒಯ್ತಿ?"

"ರೊಟ್ಟಿ ಕೊಡ್ರಿ. ಒಣಗಿದ್ದು."

ಸಾಹುಕಾರರು ನನ್ನ ಕಡೆ ತಿರುಗಿದರು. "ಏನವಾ, ಕಟಕ ರೊಟ್ಟಿ ಎಷ್ಟ ಆದಾವು?"

"ಊರ ಹೆಣ್ಮಕ್ಕಳೆಲ್ಲಾ ಕುಂತ್ರ ಹರಗೋಲ ತುಂಬತೈತ್ರಿ," ಅಂದೆ. "ಆದ್ರ ಅದು ಒಂದ ದಿನಕ್ಕ. ಮರದಿನ ನಮ್ಮ ಮಕ್ಕಳು ಬಾಯಿ ತಗೀತಾವ."

"ಅದಕ್ಕ ಬ್ಯಾರೆ ಊರ ಅದಾವಲ್ಲ," ಅಂದು ಅವರು ಒಳಗೆ ಹೋಗಿ ಫೋನಿನ ಮುಂದೆ ಕೂತರು. ಟ್ರಂಕ್ ಕಾಲ್ ಹಚ್ಚಿ, ಅದು ಕೂಡಲಿ ಅಂತ ಕಾದು, ಕೂಡಿದ ಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿ, ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಯ ತಮ್ಮಂಥ ವ್ಯಾಪಾರಸ್ಥರನ್ನು ಹಿಡಿದರು. ಆ ಮನುಷ್ಯನಿಗೆ ಯಾವ ಊರಲ್ಲಿ ಏನು ಹೆಚ್ಚಿದೆ ಅನ್ನುವುದು ಬಾಯಿಪಾಠ ಇತ್ತು. ಬಾಗೇವಾಡಿಯವರು, ಪಕ್ಕದ ಇಂಗಳೇಶ್ವರದವರು ರೊಟ್ಟಿ. ಸಿಂದಗಿಯವರು ರೊಟ್ಟಿ ಮತ್ತು ಶೇಂಗಾ ಹಿಂಡಿ. ಇಂಡಿಯವರು ರೊಟ್ಟಿ ಮತ್ತು ಲಿಂಬೆಕಾಯಿ ಉಪ್ಪಿನಕಾಯಿ. ಮುದ್ದೇಬಿಹಾಳದವರು ರೊಟ್ಟಿಯ ಜೊತೆಗೆ ದೀಪಕ್ಕೆ ಚಿಮಣಿ ಎಣ್ಣೆ, ಕಡ್ಡಿಪೆಟ್ಟಿಗೆ. ನಮ್ಮೂರೂ ಸೇರಿ ಪಾಳಿಯ ಮೇಲೆ, ಒಂದು ದಿನ ಒಂದು ಊರು. ಎಲ್ಲವೂ ಬಸ್ಸಿನ ಟಪ್ಪಿನ ಮೇಲೆ ನಮ್ಮ ನಿಲ್ದಾಣಕ್ಕೆ ಬರಬೇಕು, ನಿಲ್ದಾಣದಿಂದ ಸಡಕಿನ ಮೇಲೆ ಬಂಡಿಯಲ್ಲಿ ಹೊಳೆಗೆ, ದಂಡೆಯಿಂದ ಹರಗೋಲಿಗೆ.

"ನಿಲ್ದಾಣದಾಗ ಇಳಿಸ್ಕೊಳ್ಳೋರು ಯಾರು?" ಅಂತ ಕೇಳಿದರು.

"ನಾ ಅಲ್ಲೇ ಇರ್ತೇನಲ್ರಿ," ಅಂದೆ. ಹೀಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ನಾನೇ ಹಾಕಿಕೊಂಡೆ ಅನ್ನಿ. ತಂಗಿ ಆಚೆ ಇದ್ದಳು, ಅವಳಿಗೆ ಹಾಲು ಕುಡಿಯುವ ಕೂಸಿತ್ತು. ತಾಯಿ ತಿಂದರೆ ಕೂಸಿಗೆ ಹಾಲು. ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ.

ರೊಟ್ಟಿ ಕಳಿಸುವುದು ಅಂದರೆ ಬರೀ ಬಡಿಯುವುದಲ್ಲ. ಬಿಸಿ ಇರುವಾಗಲೇ ಒಂದರ ಮೇಲೊಂದು ಒಟ್ಟಿದರೆ ಬೆವತು ಬೂಸು ಬರುತ್ತದೆ. ಒಲೆಯ ಬದಿಗೆ ನಿಲ್ಲಿಸಿ ಒಣಗಿಸಬೇಕು. ಒಣಗಿದ ಮೇಲೆ ಅದು ಹಪ್ಪಳದಂತೆ, ಮುಟ್ಟಿದರೆ ಮುರಿಯುತ್ತದೆ. ಮೊದಲ ದಿನ ಅಡತಿ ಅಂಗಡಿಯ ಗೋಣಿಚೀಲದಲ್ಲಿ ತುಂಬಿ ಕಳಿಸಿದೆವು. ಕಾಳಿಗೆ ಹುಳ ಬೀಳದಿರಲಿ ಅಂತ ಹಾಕಿದ ಪುಡಿಯ ವಾಸನೆ ಹಿಡಿದು, ಪುಡಿ ಪುಡಿಯಾಗಿ ಹೋಗಿ ತಲುಪಿತಂತೆ. ಸಣ್ಣ ಮಕ್ಕಳು ವಾಂತಿ ಮಾಡಿಕೊಂಡವು. ಆಮೇಲೆ ಬುಟ್ಟಿ, ಬುಟ್ಟಿಯೊಳಗೆ ಅರಿವೆ, ಅರಿವೆಯೊಳಗೆ ರೊಟ್ಟಿ, ಮೇಲೆ ಬಿಗಿ ಗಂಟು. ಬುತ್ತಿ ಕಟ್ಟುವ ಹಾಗೆಯೇ. ಇವತ್ತಿನಂತೆ ಆಗ ಪ್ಲಾಸ್ಟಿಕ್ ಹಾಳೆಯ ಚೀಲ ಇರಲಿಲ್ಲ. ಅರಿವೆ ಅಂದರೆ ಒಬ್ಬರ ಹಳೇ ಧೋತರ, ಇನ್ನೊಬ್ಬರ ಅರ್ಧ ಸೀರೆ. ಉಡಲು ಎರಡೇ ಇದ್ದವಳು ಹರಿದದ್ದರಲ್ಲಿ ಗಟ್ಟಿ ತುಂಡು ನೋಡಿ ಕೊಟ್ಟಿರುತ್ತಾಳೆ. ಅದು ತಿರುಗಿ ಅವಳಿಗೇ ಮುಟ್ಟಬೇಕು, ಮುಟ್ಟಿದರೆ ಮತ್ತೆ ತುಂಬಿ ಬರುತ್ತದೆ.

ಯಾವ ಅರಿವೆ ಯಾವ ಊರಿನದು ಅಂತ ತಿಳಿಯಲು ನಾನು ಮತ್ತು ಖಾಲಾ ಮೂಲೆಗೆ ಬಣ್ಣದ ದಾರ ಹೊಲಿದೆವು. ಖಾಲಾ ನಮ್ಮ ಓಣಿಯ ದರ್ಜಿಯ ಹೆಂಡತಿ, ನನಗಿಂತ ಹತ್ತು ವರ್ಷ ದೊಡ್ಡವಳು. ದಾರ ಅವಳ ಗಂಡನ ಮಿಷನ್ನಿನದು, ಕೇಳದೆ ತಂದದ್ದು. ನಮ್ಮೂರಿಗೆ ಕರಿ, ಇಂಡಿಗೆ ಹಳದಿ, ಸಿಂದಗಿಗೆ ಕೆಂಪು, ಬಾಗೇವಾಡಿಗೆ ನೀಲಿ.

"ಮುದ್ದೇಬಿಹಾಳಕ್ಕ ಬಿಳಿ ಹಚ್ಚೂನು," ಅಂದೆ.

"ಬಿಳಿ ಹಚ್ಚಿದ್ರ ಒಂದ ಸಲ ಡೋಣಿ ದಾಟೂದ್ರಾಗ ಕರ್ರಗ ಆಕ್ಕೈತಿ," ಅಂದಳು ಖಾಲಾ. "ಕರೇದು ನಮ್ಮದು. ಆಮ್ಯಾಲೆ ಅವರ ಅರಿವಿ ನಾವು ನುಂಗಿದ್ವಿ ಅಂತಾರ. ಹಸರ ಹಚ್ಚು."

ಹಸಿರು ಹಚ್ಚಿದೆವು.

ಕೆಲವು ದಿನ ಎಲ್ಲವೂ ಸರಿಯಾಗಿ ನಡೆಯಿತು. ಬಸ್ಸು ಬರುತ್ತಿತ್ತು, ಬುಟ್ಟಿ ಇಳಿಯುತ್ತಿದ್ದವು, ಹರಗೋಲು ಹೋಗುತ್ತಿತ್ತು. ಆಚೆ ದಂಡೆಯಲ್ಲಿ ಎಲ್ಲ ಬುಟ್ಟಿ ನನ್ನ ತಂಗಿಯ ಮನೆಯ ಕಟ್ಟೆಯ ಮೇಲೆ ಇಳಿಯುತ್ತಿದ್ದವು. ಆ ಮನೆ ಗುಡಿಯ ಪಕ್ಕ ಎತ್ತರದಲ್ಲಿತ್ತು, ಒಣಗಿದ ನೆಲ ಅಂತ ಉಳಿದದ್ದು ಅದೊಂದೇ. ಅಲ್ಲಿಂದ ಮನೆಮನೆಗೆ ಹಂಚಿಕೆ.

ಆದರೆ ಅರಿವೆ ತಿರುಗಿ ಬರಲಿಲ್ಲ. ಮೊದಲು ನಾನು ಲಕ್ಷ್ಯ ಕೊಡಲಿಲ್ಲ, ಒಂದು ದಿನ ಹೆಚ್ಚು ಕಡಿಮೆ ಆಗುತ್ತದೆ ಅಂದುಕೊಂಡೆ. ಎಲ್ಲ ಊರಿನ ಪಾಳಿ ಒಂದು ಸುತ್ತು ಮುಗಿದು ಎರಡನೇ ಸುತ್ತಿಗೆ ಬಂತು, ಒಂದು ಅರಿವೆಯೂ ಇಲ್ಲ, ಒಂದು ಬುಟ್ಟಿಯೂ ಇಲ್ಲ. ಬಾಗೇವಾಡಿಯಿಂದ ಬರಬೇಕಾದ ಗಂಟುಗಳಲ್ಲಿ ಅರ್ಧ ಬಂದವು. ಉಳಿದ ರೊಟ್ಟಿ ಮನೆಯಲ್ಲೇ ಇವೆ, ಕಟ್ಟಲು ಅರಿವೆ ಇಲ್ಲ ಅಂತ ಹೇಳಿ ಕಳಿಸಿದ್ದರು. ಇಂಡಿಯ ವಸ್ತಿ ಬಸ್ಸು, ಅಂದರೆ ಸಂಜೆ ನಮ್ಮಲ್ಲಿಂದ ಹೊರಟು ರಾತ್ರಿ ಅಲ್ಲೇ ತಂಗಿ ಮುಂಜಾನೆ ತಿರುಗಿ ಬರುವ ಬಸ್ಸು, ಅದರ ಕಂಡಕ್ಟರ್ ಇಳಿದವನೇ ನನ್ನ ಒಲೆಯ ಮುಂದೆ ಬಂದು ನಿಂತ.

"ಅಕ್ಕಾರ, ಇಂಡಿ ಹೆಣ್ಮಕ್ಕಳು ಒಂದ ಮಾತ ಕೇಳಾಕ ಹೇಳ್ಯಾರ. ಕೇಳ್ಲೇನು?"

"ಕೇಳು. ರೊಟ್ಟಿ ಹೊತ್ತಸಬ್ಯಾಡ, ದೂರ ನಿಂತು ಕೇಳು."

"ಆ ಊರಾಗ ನಮ್ಮ ಅರಿವಿ ಕೂಡಿಸಿ ಕೌದಿ ಹೊಲ್ಯಾಕತ್ತಾರೇನು ಅಂತ."

ಖಾನಾವಳಿಯಲ್ಲಿ ಉಣ್ಣುತ್ತಿದ್ದವರು ನಕ್ಕರು. ನಾನು ರೊಟ್ಟಿ ತಿರುವಿ ಹಾಕಿದೆ. ನಗುವ ಮಾತೇ, ನನಗೂ ಗೊತ್ತಿತ್ತು. ಆದರೆ ಕೌದಿ ಹೊಲಿಯುವವರು ಅಂದರೆ ಯಾರು ಅಂತಲೂ ಗೊತ್ತಿತ್ತು. ಬುಟ್ಟಿ ಇಳಿಯುವುದು ಯಾರ ಕಟ್ಟೆಯ ಮೇಲೆ ಅಂತ ನಾಲ್ಕೂ ಊರಿಗೆ ತಿಳಿದಿತ್ತು.

ಹೊಳೆಗೆ ಹೋಗಿ ಅಂಬಿಗ ಕಾಕಾನನ್ನು ಹಿಡಿದೆ. "ಅರಿವಿ ಯಾಕ ತರವಲ್ಲಿ?"

"ದಿನಾ ಕೇಳತೇನಿ ಮಗಳ. ನಾಳೆ ಅಂತಾರ."

"ಯಾರು?"

"ನಿನ್ನ ತಂಗಿ ಅಂತಾಳ. ಆಕಿ ಅತ್ತಿ ಅಂತಾಳ. ಎಲ್ಲಾರೂ ಅಂತಾರ. ಆ ಊರಾಗ ಈಗ ನಾಳೆ ಒಂದ ಬಾಳ ಐತಿ ನೋಡು, ಬ್ಯಾರೆ ಏನಿಲ್ಲ."

ಸಾಹುಕಾರರಿಗೆ ಇದೆಲ್ಲ ಮುಟ್ಟಿತ್ತು. ಅವರು ಸಿಟ್ಟಿನ ಮನುಷ್ಯ ಅಲ್ಲ, ಆದರೆ ವ್ಯಾಪಾರಸ್ಥ. ಕೊಟ್ಟ ಚೀಲ ತಿರುಗಿ ಬಾರದ ಕಡೆ ಎರಡನೇ ಸಲ ಮಾಲು ಹಾಕಿ ಗೊತ್ತಿಲ್ಲದವರು.

"ನಾಳಿ ಒಂದ ದಿನ ನೋಡ್ತೇನಿ," ಅಂದರು. "ನಾಳಿ ಅರಿವಿ ಬರಲಿಲ್ಲಂದ್ರ ರೊಟ್ಟಿ ಬಂದ್ ಮಾಡೂನು. ಜ್ವಾಳ ಕೊಟ್ಟುಬಿಡೂನು, ಅವ್ರು ಹೆಂಗರ ಮಾಡ್ಕೊಳ್ಳಿ."

"ಉರಿ ಇಲ್ಲಲ್ರಿ."

"ಇಲ್ಲೂ ಅರಿವಿ ಇಲ್ಲಲ್ಲವಾ. ನಾ ಎಲ್ಲಿಂದ ತರ್ಲಿ? ಸಿಂದಗ್ಯಾವ್ರಿಗೆ ಸೀರಿ ಬಿಚ್ಚಿ ಕೊಡ್ರಿ ಅನ್ಲೇನು?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮರುದಿನ ನಾನೇ ಹರಗೋಲು ಹತ್ತುತ್ತೇನೆ ಅಂದೆ. ಗಂಡ ಬೇಡ ಅಂದ.

"ನಿನಗ ಈಸಾಕ ಬರೂದಿಲ್ಲ."

"ಹರಗೋಲಿಗೆ ಬರ್ತೈತಿ," ಅಂದು ಹೊರಟೆ.

ಡೋಣಿ ಅಷ್ಟು ಅಗಲ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನೀರು ಕಪ್ಪಗೆ, ದಪ್ಪಗೆ, ಗಂಜಿಯಂತೆ ಹರಿಯುತ್ತಿತ್ತು. ಹರಗೋಲು ನೆಟ್ಟಗೆ ಹೋಗುವುದಿಲ್ಲ, ಬುಗುರಿಯಂತೆ ತಿರುಗುತ್ತಾ ಹೋಗುತ್ತದೆ. ಒಮ್ಮೆ ನಮ್ಮ ದಂಡೆ ಎದುರು, ಒಮ್ಮೆ ಆಚೆ ದಂಡೆ ಎದುರು. ನಾನು ಬುಟ್ಟಿಗಳ ನಡುವೆ ಕೂತು ಯಾವ ಕಡೆಯೂ ನೋಡಲಿಲ್ಲ, ಗಂಟುಗಳ ಮೇಲೆ ಕೈ ಇಟ್ಟುಕೊಂಡು ಕಾಕಾನ ಹುಟ್ಟನ್ನು ನೋಡುತ್ತಿದ್ದೆ.

"ಅಂಜಿಕಿ ಬಂತೇನು?" ಅಂದ.

"ನಿನಗ ಬಂದ್ರ ಹೇಳು, ನಾನೂ ಅಂಜತೇನಿ."

ದಂಡೆಯಿಂದ ಊರಿಗೆ ಹೋಗುವಷ್ಟರಲ್ಲಿ ಕಾಲಿಗೆ ಮಣಗಟ್ಟಲೆ ಎರೆ ಮೆತ್ತಿಕೊಂಡಿತು. ತಂಗಿ ಕಟ್ಟೆಯ ಮೇಲೆ ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ಇಳಿದುಹೋಗಿದ್ದಳು, ಆದರೆ ಕೂಸು ಗಟ್ಟಿಯಾಗಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾಕೆಂದರೆ ಅವಳ ಹಿಂದೆ, ಪಡಸಾಲೆಯಲ್ಲಿ, ಅರಿವೆಗಳಿದ್ದವು. ಒಂದೂ ಕಳೆದಿರಲಿಲ್ಲ. ಕೆಸರು ನೀರನ್ನು ತಿಳಿ ಮಾಡಿ, ಒಗೆದು, ಒಣಗಿಸಿ, ಮಡಿಸಿ, ದಾರದ ಬಣ್ಣ ನೋಡಿ ಊರಿಗೊಂದು ಒಟ್ಟು ಒಟ್ಟಿದ್ದರು. ಬುಟ್ಟಿಗಳು ಒಂದರೊಳಗೊಂದು ಕೂತಿದ್ದವು.

"ಇವನ್ನ ಯಾಕ ಕಳಸಲಿಲ್ಲ?" ಅಂದೆ.

ತಂಗಿ ಅತ್ತೆಯ ಕಡೆ ನೋಡಿದಳು. ಅವಳ ಅತ್ತೆ ಎಲೆ ಅಡಿಕೆ ಇಲ್ಲದ ಬಾಯಿಯನ್ನು ಸುಮ್ಮನೆ ಆಡಿಸುತ್ತಾ ಕಂಬಕ್ಕೆ ಒರಗಿದ್ದಳು. ಗಟ್ಟಿ ಮುದುಕಿ. ನೀರು ಬಂದ ದಿನ ಸೊಂಟದ ಮಟ್ಟದ ನೀರಿನಲ್ಲಿ ನಿಂತು ದನದ ಹಗ್ಗ ಕೊಯ್ದವಳು.

"ಬರೇದು ಹೆಂಗ ಕಳಸೋದು ಯಕ್ಕಾ?" ಅಂದಳು ತಂಗಿ.

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಕಟ್ಟೆಯ ಮೇಲೆ ಕೂತುಬಿಟ್ಟೆ.

ನಮ್ಮ ಕಡೆ ಯಾರ ಪಾತ್ರೆಯನ್ನೂ ಖಾಲಿ ತಿರುಗಿಸುವುದಿಲ್ಲ. ಮಜ್ಜಿಗೆ ಇಸಿದುಕೊಂಡ ಚರಿಗೆಯಲ್ಲಿ ನಾಲ್ಕು ಮೆಣಸಿನಕಾಯಿಯನ್ನಾದರೂ ಹಾಕಿ ಕೊಡಬೇಕು. ಹಿಟ್ಟು ಇಸಿದುಕೊಂಡ ಬಟ್ಟಲಲ್ಲಿ ಒಂದು ಹಿಡಿ ಅಲಸಂದೆ. ನಾನೂ ಹಾಗೇ ಮಾಡುತ್ತೇನೆ, ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು. ಬಸ್ಸು, ಪಾಳಿ, ದಾರ, ಹರಗೋಲು ಎಲ್ಲ ಲೆಕ್ಕ ಹಾಕಿದ ನಾವು ಯಾರೂ ಇದನ್ನು ಲೆಕ್ಕ ಹಾಕಿರಲಿಲ್ಲ. ಏನೂ ಇಲ್ಲದ ಊರಿಗೆ ದಿನಾ ತುಂಬಿದ ಬುಟ್ಟಿ ಕಳಿಸುತ್ತಿದ್ದೆವು. ಆ ಊರಿನ ಹೆಂಗಸರು ಖಾಲಿ ಬುಟ್ಟಿ ಹಿಡಿದುಕೊಂಡು ನಾಚಿ ಕೂತಿದ್ದರು.

"ಅತ್ತೀ," ಅಂದೆ, "ಇದೇನು ಮದವಿ ಬುತ್ತಿ ಅಲ್ಲ. ನೀವು ಅರಿವಿ ಕಳಸಲಿಲ್ಲಂದ್ರ ನಾಳಿಂದ ರೊಟ್ಟಿ ಬರೂದಿಲ್ಲ."

"ಬರದಿದ್ರ ಬ್ಯಾಡ ಬಿಡು," ಅಂದಳು ಮುದುಕಿ. "ನಾ ಈ ಮನಿಗೆ ಬಂದಾಗಿಂದ ಯಾರಿಗೂ ಬರಿ ಬುಟ್ಟಿ ತಿರುಗಿಸಿಲ್ಲ. ನಾಕ ಊರ ಹೆಣ್ಮಕ್ಕಳ ಅರಿವಿ ಬರಿದ ಮಾಡಿ ಕಳಸಿ, ನಿಮ್ಮ ಮನಿನೂ ಹಿಂಗ ಬರಿದಾಗಲಿ ಅನ್ಲೇನು? ಸುಗ್ಗಿ ಬರ್ಲಿ. ತುಂಬಿ ಕಳಸ್ತೇವಿ."

"ಸುಗ್ಗಿ ತನಾ ಏನ ತಿಂತೀರಿ?"

"ಅದನ್ನ ನಾವು ನೋಡ್ಕೊತೇವಿ."

"ಏನ ನೋಡ್ಕೊತೀರಿ? ಕೂಸಿನ ಮಾರಿ ನೋಡಿರೇನು?"

ಆಕೆ ನೋಡಲಿಲ್ಲ. ಅಷ್ಟರಲ್ಲಿ ಓಣಿಯ ಹೆಂಗಸರು ಬಂದು ಕೂಡಿದ್ದರು. ಎಲ್ಲರ ಮುಖದಲ್ಲೂ ಅದೇ ಮಾತು ಇತ್ತು, ಮುದುಕಿ ಒಬ್ಬಳದ್ದಲ್ಲ.

"ಬಂದ ರೊಟ್ಟ್ಯಾಗ ಒಂದೊಂದು ಹಾಕಿ ಕಟ್ರಿ ಮತ್ತ," ಅಂದೆ.

"ಅವರ ರೊಟ್ಟಿ ಅವರಿಗೆ ಕೊಟ್ರ ನಿಮ್ಮದು ನಮಗ ಬ್ಯಾಡ ಅಂದಂಗ," ಅಂದಳು ಒಬ್ಬಳು. ಅದೂ ಖರೆ. ಕೊಟ್ಟ ಅನ್ನ ತಿರುಗಿಸುವುದು ಖಾಲಿ ಪಾತ್ರೆಗಿಂತ ಕೆಟ್ಟದ್ದು.

"ನಾನ ದಾರ್ಯಾಗ ಏನರ ಹಾಕ್ತೇನಿ."

"ನೀ ಹಾಕಿದ್ರ ಅದು ನಿಂದು ಯಕ್ಕಾ, ನಮ್ಮದು ಹೆಂಗ ಆಕ್ಕೈತಿ?" ಅಂದಳು ತಂಗಿ.

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದರು. ಎಷ್ಟೋ ದಿನದಿಂದ ಕೂತು ಇದನ್ನೇ ಯೋಚಿಸಿದ್ದರು ಅಂತ ಕಾಣುತ್ತದೆ. ದಂಡೆಯಿಂದ ಕಾಕಾ ಕೂಗಿದ. ಮೋಡ ಕಟ್ಟುತ್ತಿತ್ತು. ನಾನು ಎದ್ದು ನಿಂತೆ.

"ಏನೂ ಇಲ್ಲ ಅಂತೀರಲ್ಲ, ಮಣ್ಣು ಐತಿಲ್ಲೋ ನಿಮ್ಮೂರಾಗ?" ಅಂದೆ. "ಮಣ್ಣ ಹಾಕಿ ಕೊಡ್ರಿ. ಆದ್ರ ಕೊಡ್ರಿ."

ಬುತ್ತಿಯ ಅರಿವೆಗೆ ಮಣ್ಣು ಹಾಕು ಅನ್ನುವುದು ಬೈಗುಳದಲ್ಲಿ ದೊಡ್ಡ ಬೈಗುಳ. ಸತ್ತವರ ಮೇಲೆ ಹಾಕುವುದು ಹಿಡಿಮಣ್ಣು, ಕೆಟ್ಟವರ ಬಾಯಿಗೆ ಹಾಕುವುದು ಮಣ್ಣು. ಅದರಲ್ಲೂ ಮನೆ ಹಗೇವು ಮಣ್ಣಾದವರ ಮುಂದೆ ನಿಂತು ಆ ಮಾತು ಆಡಿದ್ದೆ. ತಂಗಿ ಮುಖ ತಿರುಗಿಸಿದಳು. ಇವತ್ತಿಗೂ ಅವಳು ಆ ಮಾತು ಆಡಬಾರದಿತ್ತು ಅನ್ನುತ್ತಾಳೆ. ಬೇರೆ ಯಾವ ಮಾತಿಗೆ ನಿಮ್ಮ ಅತ್ತೆ ಎದ್ದಿರುತ್ತಿದ್ದಳು ಹೇಳು ಅಂತ ನಾನು ಕೇಳುತ್ತೇನೆ.

ಮುದುಕಿ ಎದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮಕ್ಕಗ ಬಾಯಿ ಬಾಳ ಐತಿ," ಅಂತ ಸೊಸೆಗೆ ಹೇಳಿದಳು. ಆಮೇಲೆ ಓಣಿಯ ಹೆಂಗಸರ ಕಡೆ ತಿರುಗಿ, "ಒಲಿ ಮೆತ್ತಾಕ ಮಣ್ಣ ಕೇಳಾಕತ್ತಾಳ. ಕೊಡೂನು ಏಳ್ರಿ," ಅಂದಳು.

ನಾನು ಒಲೆಯ ಸುದ್ದಿ ಎತ್ತಿರಲಿಲ್ಲ. ಆದರೆ ಒಲೆ ಮೆತ್ತುವ ಮಣ್ಣನ್ನು ಹೆಂಗಸರು ಒಬ್ಬರಿಗೊಬ್ಬರು ಕೊಟ್ಟು ತರುವುದು ಎಲ್ಲ ಊರಲ್ಲೂ ಇದೆ, ಒಳ್ಳೆ ಮಣ್ಣು ಸಿಕ್ಕರೆ ಬೀಗರ ಮನೆಗೂ ಕಳಿಸುತ್ತಾರೆ. ಅದು ಬೈಗುಳ ಅಲ್ಲ, ಕೊಡುವ ವಸ್ತು. ಮುದುಕಿ ನನ್ನ ಮಾತನ್ನು ಎತ್ತಿ, ತಿರುವಿ, ಬೇರೆ ಕಡೆ ಇಟ್ಟುಬಿಟ್ಟಳು. ಹೆಂಗಸರು ಎದ್ದರು. ಗುಡಿಯ ಹಿಂದೆ ನೀರು ನಿಂತು ಇಳಿದ ಜಾಗದಲ್ಲಿ ಬೆಣ್ಣೆಯಂಥ ಹೂಳು ಕೂತಿತ್ತು. ಕಲ್ಲು ಆರಿಸಿ, ಉಂಡೆ ಮಾಡಿ, ಒಂದೊಂದು ಅರಿವೆಗೆ ಒಂದೊಂದು ಉಂಡೆ ಇಟ್ಟು ಗಂಟು ಹಾಕಿದರು. ನಗಲಿಲ್ಲ, ಅಳಲಿಲ್ಲ. ಸೀಮಂತಕ್ಕೆ ಉಂಡೆ ಕಟ್ಟುವವರಂತೆ ಕಟ್ಟಿದರು.

"ದಾರ್ಯಾಗ ಝಾಡಿಸಿ ಒಯ್ಯಬ್ಯಾಡ," ಅಂದಳು ಮುದುಕಿ. "ಹೆಂಗ ಕಟ್ಟೇವಿ ಹಂಗ ಮುಟ್ಟಬೇಕು. ಆಣಿ ಮಾಡು."

"ಆಣಿಗೀಣಿ ಬ್ಯಾಡ. ಮುಟ್ಟಸ್ತೇನಿ."

ಹರಗೋಲಿನಲ್ಲಿ ಕಾಕಾ ಗೊಣಗಿದ. "ಬರೂ ಮುಂದ ರೊಟ್ಟಿ ಹಗುರ ಇತ್ತು. ಊರ ಹೊಲ ಎಲ್ಲಾ ಹೊತ್ಕೊಂಡ ಹೊಂಟೀಯೇನು?"

ನಿಲ್ದಾಣಕ್ಕೆ ಬಂದಾಗ ಸಂಜೆಯ ಬಸ್ಸುಗಳು ನಿಂತಿದ್ದವು. ನಮ್ಮ ಓಣಿಯ ಹೆಂಗಸರು ಅರಿವೆ ಬಂತು ಅಂತ ಓಡಿ ಬಂದರು. ಖಾಲಾ ಒಂದು ಗಂಟು ಬಿಚ್ಚಿದಳು. ಹಿಂದಿನವರು ಇಣುಕಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಮಣ್ಣ ಕಳಸ್ಯಾರ?"

"ಒಲಿಗೆ," ಅಂದೆ. "ಬರೇದು ಕಳಸಬಾರದಂತ ಇಷ್ಟ ದಿನಾ ಇಟ್ಕೊಂಡ ಕುಂತಿದ್ರು. ಅವರ ಕಡೆ ಇದೊಂದ ಐತಿ, ಇದನ್ನ ಕೊಟ್ಟಾರ."

ಖಾಲಾ ಒಂದು ಚೂರು ಮುರಿದು ಬೆರಳಲ್ಲಿ ತಿಕ್ಕಿದಳು, ನಾಲಿಗೆಗೆ ಹಚ್ಚಿಕೊಂಡಳು. "ಸವಳ ಐತಿ. ಒಲಿಗೆ ಹಚ್ಚಿದ್ರ ಬಿರೀತೈತಿ."

"ಬಿರೀಲಿ."

ಸಾಹುಕಾರರೂ ಬಂದರು. ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಇಲ್ಲೇ ಝಾಡಿಸಿ ಕಳಸಿಬಿಡು. ಯಾರಿಗೆ ಗೊತ್ತಾಗತೈತಿ? ಇಂಡ್ಯಾವ್ರು ಇದನ್ನ ನೋಡಿ ಸಿಟ್ಟಾದ್ರ ನಾಳಿ ಬಸ್ ಖಾಲಿ ಬರ್ತೈತಿ. ಅವ್ರದ್ದ ನಾಳಿ ಪಾಳಿ."

"ನಾಳಿ ಹರಗೋಲಿನಾಗ ಮತ್ತ ನಾನ ಹೋಗ್ತೇನ್ರಿ. ಮುಟ್ಟಿತೇನು ಅಂತ ಆ ಮುದಕಿ ಕೇಳ್ತಾಳ. ಆಕಿ ಮುಂದ ಸುಳ್ಳ ಹೇಳಾಕ ನನಗ ಪುರಸೊತ್ತಿಲ್ಲ."

"ಬಸ್ ಖಾಲಿ ಬಂದ್ರ?"

"ಬಂದ್ರ ನಾ ಇಂಡಿಗೆ ಹೋಗಿ ಬೈಸ್ಕೊಂಡ ಬರ್ತೇನ್ರಿ."

ಅವರು ಒಂದು ಸಲ ನನ್ನನ್ನು, ಒಂದು ಸಲ ಗಂಟನ್ನು ನೋಡಿ, ಹಮಾಲರಿಗೆ ಹೇರಲು ಹೇಳಿದರು. ಕಂಡಕ್ಟರ್ ಮಾತ್ರ ಬಾಗಿಲಿಗೆ ಅಡ್ಡ ನಿಂತ.

"ಅಕ್ಕಾರ, ಇದನ್ನ ನಾ ಹೆಂಗ ಕೊಡ್ಲಿ? ನನ್ನ ಮಾರಿಗೆ ಒಗೀತಾರ."

"ಡೋಣಿ ಮಣ್ಣು, ಒಲಿ ಮೆತ್ತಾಕ ಕೊಟ್ಟಾರ, ಬರೇದು ಕಳಸಬಾರದಂತ. ಇಷ್ಟ ಹೇಳು. ನಿಂದೊಂದು ಮಾತ ಸೇರಸಬ್ಯಾಡ. ಕೌದಿ ಸುದ್ದಿ ಎತ್ತಬ್ಯಾಡ."

"ಮಣ್ಣಿಗೆ ಲಗೇಜ ಹಿಡೀಬೇಕೋ ಏನೋ. ರೊಟ್ಟಿಗೆ ಬಿಟ್ಟಿದ್ದೆ."

"ಹಿಡಿ. ನನ್ನ ರೊಟ್ಟಿ ತಿಂದ ಬಾಕಿಯಾಗ ಮುರ್ಕೋ."

ಅವನು ನಕ್ಕು ಸೀಟಿ ಊದಿದ. ನಾಲ್ಕು ಬಸ್ಸು ನಾಲ್ಕು ಕಡೆ ಹೋದವು. ಟಪ್ಪಿನ ಮೇಲೆ ಹಳದಿ, ಕೆಂಪು, ನೀಲಿ, ಹಸಿರು ದಾರದ ಗಂಟುಗಳಲ್ಲಿ ಒಂದು ಸಣ್ಣ ಊರಿನ ಕೆಸರು ಹೋಯಿತು.

ನಮ್ಮೂರಿನ ಪಾಲಿನ ಉಂಡೆಗಳು ಖಾನಾವಳಿಯ ಮೂಲೆಯಲ್ಲಿ ಉಳಿದವು. ಯಾರೂ ಮನೆಗೆ ಒಯ್ಯಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ, ಮುಟ್ಟಲೂ ಇಲ್ಲ. ನೋಡುತ್ತಾ ಬಂದು ನೋಡುತ್ತಾ ಹೋದರು. ಅರಿವೆಯನ್ನು ಮಾತ್ರ ಮಡಿಸಿಕೊಂಡು ಒಯ್ದರು. ನಾನು ಒತ್ತಾಯ ಮಾಡಲಿಲ್ಲ. ಬುತ್ತಿಯಲ್ಲಿ ಬಂದ ಮಣ್ಣನ್ನು ಮನೆಯೊಳಗೆ ಯಾರು ಮೊದಲು ತೆಗೆದುಕೊಂಡು ಹೋಗುತ್ತಾರೆ ಅನ್ನುವುದೇ ಎಲ್ಲರ ಮನಸ್ಸಿನಲ್ಲಿತ್ತು.

ಆ ಮಣ್ಣು ಒಲೆಗೆ ಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಖಾಲಾ ಹೇಳಿದ್ದೇ ಖರೆ. ಎರೆ ಒಣಗಿದರೆ ಬಿರುಕು ಬಿಡುತ್ತದೆ, ಸವಳು ಬೆಂಕಿಗೆ ಪುಟಿಯುತ್ತದೆ. ಬೂದಿ, ಹೊಟ್ಟು, ಸಗಣಿ ಕಲಸಿದರೆ ಒಂದಿಷ್ಟು ದಿನ ನಿಲ್ಲುತ್ತದೆ, ಅಷ್ಟೇ. ಇದು ಆ ಮುದುಕಿಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಡೋಣಿ ದಂಡೆಯ ಮೇಲೆ ಒಲೆ ಹಾಕಿದವಳು, ಗೊತ್ತಿಲ್ಲದೆ ಏನು.

ಮರುದಿನ ಮುಂಜಾನೆ ನಾನು ಇಂಡಿ ಬಸ್ಸು ಬರುವ ಮೊದಲೇ ಖಾನಾವಳಿಗೆ ಹೋದೆ. ಮೂಲೆಯ ಉಂಡೆಗಳಲ್ಲಿ ಒಂದನ್ನು ತೆಗೆದುಕೊಂಡು ಬೂದಿ, ಜೋಳದ ಹೊಟ್ಟು, ಸಗಣಿ ಹಾಕಿ ತುಳಿದೆ. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಖಾಲಾ ಬಂದು ನಿಂತಳು. ನನ್ನ ದೊಡ್ಡ ಒಲೆಯ ಮೂರೂ ಬದಿಗೆ ಆ ಮಣ್ಣು ಮೆತ್ತಿ, ಅಂಗೈಯಿಂದ ತಿಕ್ಕಿ ನುಣುಪು ಮಾಡಿ, ಹಸಿ ಇರುವಾಗಲೇ ಉರಿ ಹಚ್ಚಿ ಹಂಚು ಏರಿಸಿದೆ. ಹಸಿ ಮಣ್ಣು ಹೊಗೆ ಬಿಟ್ಟಿತು, ಚಟಚಟ ಅಂತ ಎರಡು ಕಡೆ ಬಿರಿಯಿತು. ಬಿರಿದಲ್ಲಿ ಮತ್ತೆ ಮೆತ್ತಿದೆ. ಖಾಲಾ ಮೂಲೆಗೆ ಹೋಗಿ ಒಂದು ಉಂಡೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಅಷ್ಟರಲ್ಲಿ ಬಸ್ಸಿನ ಸದ್ದು ಕೇಳಿತು. ಕೈ ತೊಳೆಯದೆ ಹೊರಗೆ ಬಂದು ಟಪ್ಪಿನ ಕಡೆ ನೋಡಿದೆ. ಹಳದಿ ದಾರದ ಗಂಟುಗಳು ತುಂಬಿ ಉಬ್ಬಿ ಸಾಲಾಗಿ ಕೂತಿದ್ದವು. ಏಣಿಯ ಕೆಳಗೆ ನಿಂತು, ಮಣ್ಣುಗೈಯಲ್ಲೇ, ಮುರಿಯದ ಹಾಗೆ ಒಂದೊಂದಾಗಿ ಇಳಿಸಿಕೊಂಡೆ.